ಯೋಗ, ಜುಂಬಾ, ಸರ್ಕ್ಯೂಟ್, ವಾಕಿಂಗ್: ದಮ್ಮು ಬರಬೇಕಾದರೆ ಯಾವ ಬ್ಯಾಚಿಗೆ ಸೇರುವುದು?

ಮೂರನೇ ಮಾಳಿಗೆ (ಉಡುಪಿ)

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ಮನೆ ಕುಂಜಿಬೆಟ್ಟು. ಒಂದು ಸೊಸೈಟಿಯಲ್ಲಿ ಕೌಂಟರ್ ಕೆಲಸ. ಬೆಳಿಗ್ಗೆ ಒಂಬತ್ತೂವರೆಗೆ ಕುರ್ಚಿಯಲ್ಲಿ ಕೂತರೆ ಏಳುವುದು ಸಂಜೆ ಐದೂವರೆಗೆ. ಹೋಗುವುದು ಬರುವುದು ಸ್ಕೂಟರಿನಲ್ಲಿ. ಕೊನೆಯ ಸಲ ಬೆವರು ಬರುವ ಹಾಗೆ ಆಡಿದ್ದು ಹೈಸ್ಕೂಲಿನ ಥ್ರೋಬಾಲ್.

ಕಳೆದ ವಾರ ಕರೆಂಟ್ ಹೋಗಿ ಲಿಫ್ಟ್ ನಿಂತಿತ್ತು. ಕೈಯಲ್ಲಿ ಐದು ಕಿಲೋ ಕುಚ್ಚಲಕ್ಕಿ. ಎರಡನೇ ಮಾಳಿಗೆಯ ತಿರುವಿಗೆ ಬರುವಾಗ ಉಸಿರು ಸಾಲದೆ ನಿಂತುಬಿಟ್ಟೆ. ಯಾರಾದರೂ ನೋಡಿದರೆ ಎಂತ ಅಂದುಕೊಳ್ಳುತ್ತಾರೋ ಅಂತ ಮೊಬೈಲ್ ತೆಗೆದು ಸುಮ್ನೆ ನೋಡುತ್ತಾ ನಿಂತೆ. ಅಷ್ಟರಲ್ಲಿ ಎದುರು ಮನೆಯ ಬಾಯಮ್ಮ ಹಿಂದಿನಿಂದ ಬಂದರು. ಅವರಿಗೆ 68. "ಎಂತ ಮಗಾ, ಬಚ್ಚಿತಾ, ಸುಸ್ತಾಯಿತಾ?" ಅಂತ ಕೇಳಿ ನನ್ನ ಕೈಯಿಂದ ಅಕ್ಕಿ ಚೀಲ ತೆಗೆದುಕೊಂಡು ಮೇಲೆ ಹೋದರು. ನಾನು ಖಾಲಿ ಕೈಯಲ್ಲಿ ಅವರ ಹಿಂದೆ.

ಆ ರಾತ್ರಿ ನಿದ್ದೆ ಬರಲಿಲ್ಲ ಮಾರಾಯ್ರೇ.

ನನ್ನ ಪ್ರಶ್ನೆ ತೂಕದ್ದಲ್ಲ. 71 ಕಿಲೋ ಇದ್ದೇನೆ, ಇಳಿದರೆ ಖುಷಿ, ಇಳಿಯದಿದ್ದರೂ ಅಡ್ಡಿಯಿಲ್ಲ. ದಮ್ಮು, ಅಂದರೆ ಬೇಗ ಸುಸ್ತಾಗದ ಶಕ್ತಿ, ಬರಬೇಕು, ಅಷ್ಟೇ. ಒಬ್ಬಳೇ ಮಾಡಲು ನನ್ನಿಂದ ಆಗುವುದಿಲ್ಲ, ಯೂಟ್ಯೂಬ್ ನೋಡಿ ಮಾಡುತ್ತೇನೆ ಅಂತ ಎರಡು ಸಲ ಶುರು ಮಾಡಿ ನಾಲ್ಕೇ ದಿನಕ್ಕೆ ಬಿಟ್ಟಿದ್ದೇನೆ. ನಾಲ್ಕು ಜನರ ಜೊತೆಗೆ ಆದರೆ ಹೋದೇನು. ಮನೆಯ ಹತ್ತಿರ ಸಿಗುವುದು ಇಷ್ಟು: ಸಂಜೆ ಜುಂಬಾ, ವಾರಕ್ಕೆ ಮೂರು ದಿನ, ತಿಂಗಳಿಗೆ 1500. ಬೆಳಿಗ್ಗೆ ಆರಕ್ಕೆ ಯೋಗ, ಐದು ದಿನ, 500. ಒಂದು ಜಿಮ್ಮಿನಲ್ಲಿ ಹೆಂಗಸರಿಗೇ ಅಂತ ಸರ್ಕ್ಯೂಟ್ ಬ್ಯಾಚ್, ಮೂರು ದಿನ, 2200. ಇನ್ನೊಂದು ಅಜ್ಜರಕಾಡಿನಲ್ಲಿ ನಮ್ಮ ಆಫೀಸಿನ ಇಬ್ಬರು ಹೋಗುವ ವಾಕಿಂಗ್ ಗುಂಪು, ದುಡ್ಡಿಲ್ಲ. ಇದರಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತದೆ? ಹೋಗಿ ನೋಡಿದವರು ಹೇಳಿ.

ಸುರತ್ಕಲ್ ಸಾಲ್ಸಾ

ಜುಂಬಾಕ್ಕೆ ಕಣ್ಣು ಮುಚ್ಚಿ ಸೇರಿ ಅಕ್ಕಾ. ನಾನು ಎರಡು ವರ್ಷದಿಂದ ಹೋಗುತ್ತಿದ್ದೇನೆ. ಅದಕ್ಕಿಂತ ಮೊದಲು ಯಾವ ಕ್ಲಾಸಿನಲ್ಲೂ ಎರಡು ತಿಂಗಳ ಮೇಲೆ ನಿಂತವಳಲ್ಲ.

ಇದು ಶುರುವಾದ ಕಥೆ ಗೊತ್ತುಂಟಾ? ಕೊಲಂಬಿಯಾದ ಕಾಲಿ ಅನ್ನುವ ಊರಿನಲ್ಲಿ ಆಲ್ಬರ್ಟೋ ಪೆರೆಸ್ ಅಂತ ಒಬ್ಬರು ಏರೋಬಿಕ್ಸ್ ಕಲಿಸುತ್ತಿದ್ದರು. ಒಂದು ದಿನ ಕ್ಲಾಸಿನ ಕ್ಯಾಸೆಟ್ ತರಲು ಮರೆತುಹೋಯಿತಂತೆ. ಚೀಲದಲ್ಲಿದ್ದ ಸಾಲ್ಸಾ, ಮೆರೆಂಗೆ ಹಾಡುಗಳನ್ನೇ ಹಾಕಿ ಕುಣಿಸಿದರು, ಅದೇ ಜುಂಬಾ ಆಯಿತು. ನಮ್ಮ ಟೀಚರ್ ನವರಾತ್ರಿ ಬಂತೆಂದರೆ ಹುಲಿವೇಷದ ತಾಸೆ ಪೆಟ್ಟು ಹಾಕುತ್ತಾರೆ. ಆವತ್ತು ಯಾರಿಗೂ ಗಡಿಯಾರ ನೋಡುವ ನೆನಪೇ ಇರುವುದಿಲ್ಲ.

ಸ್ಟೆಪ್ ತಪ್ಪುತ್ತದೆ ಅಂತ ಹೆದರಬೇಡಿ. ಮೊದಲ ತಿಂಗಳು ಎಲ್ಲರೂ ಎಡ ಅಂದರೆ ಬಲಕ್ಕೇ ಹೋಗುವುದು.

ಸುಮ್ನೆ ಒಬ್ಬ

ದುಡ್ಡು ಯಾಕೆ ಸುರಿಯುವುದು ಅಂತ ನನಗೆ ಅರ್ಥ ಆಗುವುದಿಲ್ಲ. ಅಜ್ಜರಕಾಡಿಗೆ ಹೋಗಿ ದಿನಾ ಹತ್ತು ಸುತ್ತು ಹಾಕಿ, ಸಾಕು. ನಾನು ಬೆಳಿಗ್ಗೆ ಐದೂವರೆಗೆ ಹೋಗುವವ. ನಮ್ಮ ಅಜ್ಜಿ ಯಾವ ಜುಂಬಾಕ್ಕೂ ಹೋದವರಲ್ಲ, 88 ವರ್ಷ ಗಟ್ಟಿಯಾಗಿ ಬದುಕಿದರು. ಈಗಿನವರಿಗೆ ಎಲ್ಲದಕ್ಕೂ ಕ್ಲಾಸ್ ಬೇಕು.

ಉರ್ವದ ಅತ್ತಿಗೆ

ಸುಮ್ನೆ ಒಬ್ಬ ಅವರೇ, ನಿಮ್ಮ ಅಜ್ಜಿ ದಿನಕ್ಕೆ ಎಷ್ಟು ಕೊಡಪಾನ ನೀರು ಸೇದುತ್ತಿದ್ದರು ಅಂತ ಒಮ್ಮೆ ಲೆಕ್ಕ ಹಾಕಿ. ನೇಜಿ ನೆಟ್ಟು, ಸೊಪ್ಪು ಹೊತ್ತು, ಕಡೆಯುವ ಕಲ್ಲಿನಲ್ಲಿ ಅರೆದು, ಇದೆಲ್ಲ ಆದ ಮೇಲೆ ಜುಂಬಾ ಯಾಕೆ ಬೇಕು? ಈಗ ಪಂಪು ಉಂಟು, ಮಿಕ್ಸಿ ಉಂಟು, ಕೂತು ಮಾಡುವ ಕೆಲಸ ಉಂಟು.

ಮತ್ತೊಂದು. ನೀವು ಐದೂವರೆಗೆ ಹೊರಡುವಾಗ ಮನೆಯಲ್ಲಿ ಮಕ್ಕಳ ಟಿಫಿನ್ ಯಾರು ಮಾಡುವುದು? ಆ ಹೊತ್ತಿಗೆ ಕತ್ತಲಲ್ಲಿ ಒಬ್ಬಳೇ ಹೆಂಗಸು ಹೊರಟರೆ ದಾರಿಯಲ್ಲಿ ನಾಲ್ಕು ನಾಯಿ, ಎರಡು ಬೈಕು. ಅದಕ್ಕೇ ಗುಂಪು ಬೇಕು ಅನ್ನುವುದು. ವಿಶ್ವ ಆರೋಗ್ಯ ಸಂಸ್ಥೆಯವರು (ಡಬ್ಲ್ಯುಎಚ್‌ಒ) 2022ರ ಲೆಕ್ಕ ಕೊಟ್ಟಿದ್ದಾರೆ, ನಮ್ಮ ದೇಶದಲ್ಲಿ ಬೇಕಾದಷ್ಟು ಮೈ ಅಲ್ಲಾಡಿಸದ ಹೆಂಗಸರು ನೂರಕ್ಕೆ 57, ಗಂಡಸರು 42. ಆ ಹದಿನೈದರ ವ್ಯತ್ಯಾಸ ಸೋಮಾರಿತನದ್ದಲ್ಲ ಸ್ವಾಮಿ, ಟಿಫಿನ್ನಿನದ್ದು.

ಮೂಲ ಪ್ರಶ್ನೆಗೆ ಉತ್ತರ: ನಾನು ಹೋಗುವುದು ಯೋಗಕ್ಕೆ. ಬೆನ್ನು ನೋವು ಹೋಗಿದೆ, ನಿದ್ದೆ ಚೆನ್ನಾಗಿ ಬರುತ್ತದೆ. ಆದರೆ ದಮ್ಮು ಬಂತಾ ಅಂತ ಕೇಳಿದರೆ ಸತ್ಯ ಹೇಳುತ್ತೇನೆ, ಕದ್ರಿ ದೇವಸ್ಥಾನದಿಂದ ಮೇಲೆ ಜೋಗಿ ಮಠಕ್ಕೆ ಮೆಟ್ಟಿಲು ಹತ್ತುವಾಗ ಈಗಲೂ ಏದುಸಿರು ಬರುತ್ತದೆ.

ಫಿಸಿಯೋ, ಮಣಿಪಾಲ ಕಡೆ

ಹೆಂಗಸರ ಜೊತೆಗೇ ಜಾಸ್ತಿ ಕೆಲಸ ಮಾಡುವ ಫಿಸಿಯೋ ನಾನು. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ಮೂರನೇ ಮಾಳಿಗೆ ಅವರೇ, ಮೆಟ್ಟಿಲಲ್ಲಿ ನಿಮಗೆ ಆದದ್ದು ಒಂದು ತೊಂದರೆ ಅಲ್ಲ, ಎರಡು. ಒಂದು ಹೃದಯ ಮತ್ತು ಉಸಿರಿನದ್ದು. ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತ ತಳ್ಳುತ್ತದೆ, ಅದರಲ್ಲಿರುವ ಆಮ್ಲಜನಕವನ್ನು ಸ್ನಾಯು ಎಷ್ಟು ಬಳಸುತ್ತದೆ ಅನ್ನುವ ಲೆಕ್ಕ. ಇನ್ನೊಂದು ತೊಡೆ ಮತ್ತು ಕೈಯ ಬಲ. ಬಲ ಕಡಿಮೆ ಇದ್ದಾಗ ಪ್ರತಿ ಮೆಟ್ಟಿಲೂ ನಿಮ್ಮ ಪೂರ್ತಿ ಶಕ್ತಿಯ ದೊಡ್ಡ ಪಾಲು ತಿನ್ನುತ್ತದೆ, ಅದಕ್ಕೇ ಬೇಗ ಬಚ್ಚುವುದು. ಆದ್ದರಿಂದ ಯಾವ ಕ್ಲಾಸು ಈ ಎರಡನ್ನೂ ಮುಟ್ಟುತ್ತದೆ ಅಂತ ನೋಡಬೇಕು.

ಸುಮ್ಮನೆ ಕೂತಾಗ ಮೈಯಲ್ಲಿ ಆಗುವ ಶಕ್ತಿಯ ಖರ್ಚನ್ನು 1 ಅಂತ ಇಟ್ಟುಕೊಳ್ಳಿ. ನಿಧಾನವಾಗಿ ಆಸನ ಮಾಡುವ ಹಠಯೋಗಕ್ಕೆ ಸುಮಾರು 2.5 ಬೀಳುತ್ತದೆ. ಚುರುಕು ನಡಿಗೆಗೆ 4ರ ಹತ್ತಿರ. ಏರೋಬಿಕ್ಸಿಗೆ 7ರ ಆಸುಪಾಸು. 3ರಿಂದ 6ರ ಒಳಗಿದ್ದರೆ ಮಧ್ಯಮ ಶ್ರಮ, 6 ದಾಟಿದರೆ ಜೋರು. ಉರ್ವದ ಅತ್ತಿಗೆಯವರಿಗೆ ಯಾಕೆ ದಮ್ಮು ಬರಲಿಲ್ಲ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ಯೋಗ ಕೆಟ್ಟದ್ದು ಅಂತ ಅಲ್ಲವೇ ಅಲ್ಲ. ಬೆನ್ನಿಗೆ, ಬಾಗುವುದಕ್ಕೆ, ಬ್ಯಾಲೆನ್ಸಿಗೆ, ತಲೆ ತಣ್ಣಗಿರುವುದಕ್ಕೆ ಅದು ಬೇಕು. ಸೂರ್ಯ ನಮಸ್ಕಾರವನ್ನು ಬಿಡದೆ ಬೇಗಬೇಗ ಮಾಡಿಸುವ ಬ್ಯಾಚ್ ಆದರೆ ಮಾತು ಬೇರೆ, ಅಲ್ಲಿ ಎದೆಬಡಿತ ಚೆನ್ನಾಗಿ ಏರುತ್ತದೆ.

ಜುಂಬಾದ ಬಗ್ಗೆ ಒಂದು ಅಧ್ಯಯನ ನನಗೆ ತುಂಬಾ ಇಷ್ಟ. ನಾರ್ವೆಯಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡುವ 107 ಹೆಂಗಸರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಫುಟ್‌ಬಾಲ್, ಒಂದಕ್ಕೆ ಜುಂಬಾ, ಇನ್ನೊಂದಕ್ಕೆ ಏನೂ ಇಲ್ಲ. 12 ವಾರ ಕಳೆದ ಮೇಲೆ ನೋಡಿದರೆ ಆಡಿದವರಿಗೂ ಕುಣಿದವರಿಗೂ ದಮ್ಮು ಏರಿತ್ತು. ಅಂದರೆ ಜುಂಬಾ ಬರೀ ತಮಾಷೆ ಅಲ್ಲ. ಆದರೆ ಅದರಲ್ಲಿ ಭಾರ ಎತ್ತುವುದು ಇಲ್ಲ. ಅಕ್ಕಿ ಚೀಲ ಹಾಗೆಯೇ ಉಳಿಯುತ್ತದೆ.

ಸರ್ಕ್ಯೂಟ್ ಅಂದರೆ ಏಳೆಂಟು ಜಾಗ ಮಾಡಿ ಒಂದೊಂದರಲ್ಲಿ ಒಂದೊಂದು ಕೆಲಸ, ಸ್ವಲ್ಪ ಹೊತ್ತು ಮಾಡಿ, ವಿಶ್ರಾಂತಿ ತೆಗೆದುಕೊಂಡು, ಮುಂದಿನದಕ್ಕೆ ಹೋಗುವುದು. ಇದರಲ್ಲಿ ಬಲವೂ ಬರುತ್ತದೆ, ಉಸಿರೂ ಏರುತ್ತದೆ. ನನಗೆ ಇದು ಹಿಡಿಸುವುದು ಇನ್ನೊಂದು ಕಾರಣಕ್ಕೆ. ಪಕ್ಕದವಳು 15 ಸಲ ಎದ್ದು ಕೂತರೆ ನೀವು 7 ಸಲ ಮಾಡಿದರೂ ಸೀಟಿ ಊದಿದಾಗ ಇಬ್ಬರೂ ಒಟ್ಟಿಗೇ ಮುಂದೆ ಹೋಗುವುದು, ಯಾರೂ ಹಿಂದೆ ಬಿದ್ದ ಹಾಗೆ ಕಾಣುವುದಿಲ್ಲ. ಇಷ್ಟು ವರ್ಷ ಕೂತೇ ಇದ್ದವರಿಗೆ ಅದು ದೊಡ್ಡ ವಿಷಯ.

ವಾಕಿಂಗಿನಿಂದ ಶುರು ಮಾಡಿದರೆ ತಪ್ಪಿಲ್ಲ, ಆದರೆ ನಮ್ಮ ಹೆಂಗಸರ ವಾಕಿಂಗ್ ಗುಂಪು ಮಣ್ಣಪಳ್ಳದಲ್ಲಿ ನಡೆಯುವುದನ್ನು ನಾನು ದಿನಾ ನೋಡುತ್ತೇನೆ. ಸೊಸೆ, ಸೀರಿಯಲ್ಲು, ಮೀನಿನ ರೇಟು, ಎಲ್ಲ ಮುಗಿಯುತ್ತದೆ, ಉಸಿರು ಮಾತ್ರ ಏರುವುದಿಲ್ಲ. ಪರೀಕ್ಷೆ ಸುಲಭ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಡಲೂ ಆಗುತ್ತದೆ ಅಂದರೆ ಕಾಲು ಬೀಸಿ ಹಾಕಿ. ನಾಲ್ಕು ಶಬ್ದಕ್ಕೇ ಉಸಿರು ಬೇಕಾದರೆ ಅದು ಜೋರು ಶ್ರಮ. ಎದೆಬಡಿತ ತೋರಿಸುವ, ಕೈಗೆ ಕಟ್ಟುವ ಗಡಿಯಾರ ಇದ್ದರೆ 220ರಲ್ಲಿ ವಯಸ್ಸು ಕಳೆಯಿರಿ, ಅದು ನಿಮಿಷಕ್ಕೆ ಅತಿ ಹೆಚ್ಚಿನ ಎದೆಬಡಿತ, ನಿಮಗೆ 179. ಅಂದಾಜು 115ರಿಂದ 136ರವರೆಗೆ ಮಧ್ಯಮ, ಅದರ ಮೇಲೆ ಜೋರು. ಇದು ಅಂದಾಜು ಮಾತ್ರ, ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ಲೆಕ್ಕ ಕೆಡಬಹುದು.

ಬೆವರನ್ನು ನಂಬಬೇಡಿ. ನಮ್ಮ ಕರಾವಳಿಯಲ್ಲಿ ಏಪ್ರಿಲ್ ತಿಂಗಳು ನೀರ್ ದೋಸೆ ಹೊಯ್ದರೂ ಬೆವರು ಬರುತ್ತದೆ.

ಡಬ್ಲ್ಯುಎಚ್‌ಒ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವಾದರೆ 75ರಿಂದ 150 ನಿಮಿಷ ಜೋರಿನದ್ದು, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ಕೆಲಸ. ಮೊದಲ ವಾರವೇ ಅಲ್ಲಿಗೆ ಹಾರಬೇಡಿ. ಏನೂ ಮಾಡದವರು ಸ್ವಲ್ಪ ಮಾಡಿದಾಗ ಸಿಗುವ ಲಾಭವೇ ದೊಡ್ಡದು.

ಸೇರುವ ಮೊದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 9 ಇಟ್ಟುಕೊಂಡು ಜುಂಬಾ ಕುಣಿದರೆ ದಮ್ಮು ಎಲ್ಲಿಂದ ಬರಬೇಕು? ಥೈರಾಯ್ಡ್, ಬಿಪಿ ಕೂಡ ನೋಡಿಸಿ. ಹತ್ತುವಾಗ ಎದೆ ಬಿಗಿಯುವುದು, ತಲೆ ಸುತ್ತುವುದು ಇದ್ದರೆ ಕ್ಲಾಸು ಆಮೇಲೆ, ಡಾಕ್ಟರ್ ಮೊದಲು.

ಕೊನೆಗೆ ಯಾರೂ ಬಾಯಿ ಬಿಟ್ಟು ಹೇಳದ ಒಂದು ವಿಷಯ. ಹೆರಿಗೆ ಆದವರಿಗೆ ಹಾರುವಾಗ ಒಂದೆರಡು ಹನಿ ಮೂತ್ರ ಹೋಗುವುದು ತುಂಬಾ ಸಾಮಾನ್ಯ. ಎಷ್ಟೋ ಹೆಂಗಸರು ಜುಂಬಾ ಬಿಡುವುದು ಇದಕ್ಕೇ, ಹೊರಗೆ ಹೇಳುವುದು ಮಾತ್ರ ಟೈಮ್ ಇಲ್ಲ ಅಂತ. ಟೀಚರಿಗೆ ಹೇಳಿ ಹಾರುವ ಕಡೆಯಲ್ಲಿ ಸುಮ್ಮನೆ ಹೆಜ್ಜೆ ಹಾಕಿ. ಮೂತ್ರ ತಡೆಹಿಡಿಯುವ ಕೆಳಗಿನ ಸ್ನಾಯುಗಳಿಗೆ ಬೇರೆಯೇ ವ್ಯಾಯಾಮ ಉಂಟು, ಕಲಿತು ಮಾಡಿದರೆ ತುಂಬಾ ಮಂದಿಗೆ ಕಡಿಮೆ ಆಗುತ್ತದೆ.

ಮಂಡಿ ಚಿಪ್ಪು

ಸರ್ಕ್ಯೂಟ್ ಒಳ್ಳೆಯದು ಅಂತ ಫಿಸಿಯೋ ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ಮಂಗಳೂರಿನಲ್ಲಿ ಒಂದು ಕಡೆ ಸೇರಿದ್ದೆ, ಹೆಸರು ಬೇಡ. ಮೊದಲ ದಿನವೇ ಮಂಡಿ ನೋವುಂಟಾ, ಬಿಪಿ ಉಂಟಾ ಅಂತ ಒಂದು ಮಾತು ಕೇಳಲಿಲ್ಲ. ಎತ್ತರದ ಪೆಟ್ಟಿಗೆಯ ಮೇಲೆ ಹಾರಲು ಹೇಳಿದರು. ನನಗೆ 46 ವರ್ಷ, 82 ಕಿಲೋ. ಆಗುವುದಿಲ್ಲ ಅಂದದ್ದಕ್ಕೆ "ಕಮಾನ್ ಆಂಟಿ" ಅಂತ ಎಲ್ಲರೂ ಚಪ್ಪಾಳೆ ಹೊಡೆದರು. ಆ ಚಪ್ಪಾಳೆಗೆ ಹಾರಿದೆ, ನಾಲ್ಕನೇ ದಿನಕ್ಕೆ ಮಂಡಿ ಬಾತುಕೊಂಡಿತು. ಮೂರು ತಿಂಗಳ ಫೀಸು ಒಟ್ಟಿಗೇ ಕಟ್ಟಿದ್ದೆ, ಒಂದು ರೂಪಾಯಿ ವಾಪಸ್ ಬರಲಿಲ್ಲ.

ಹಾಗಾಗಿ ಹೆಸರು ನೋಡಿ ಸೇರಬೇಡಿ, ಕಲಿಸುವವರನ್ನು ನೋಡಿ. ಸೇರುವ ಮೊದಲು ಒಂದು ದಿನ ಮೂಲೆಯಲ್ಲಿ ಕೂತು ನೋಡುತ್ತೇನೆ ಅನ್ನಿ, ಬೇಡ ಅಂದರೆ ಅಲ್ಲಿಂದಲೇ ಮನೆಗೆ ಬನ್ನಿ.

ಬಂಟ್ವಾಳದವಳು

ನಮ್ಮ ಅಮ್ಮ ನಲವತ್ತು ವರ್ಷ ಬೀಡಿ ಕಟ್ಟಿದವರು. ಎಲ್ಲರೂ ಹೇಳುವುದು ದುಡಿದ ಜೀವ, ಗಟ್ಟಿ ಇರುತ್ತದೆ ಅಂತ. ಎಲ್ಲಿಯ ಗಟ್ಟಿ? ಗೆರಸೆ ತೊಡೆಯ ಮೇಲೆ ಇಟ್ಟುಕೊಂಡು, ಕಾಲು ಮಡಚಿ, ತಲೆ ಬಗ್ಗಿಸಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂತದ್ದೇ. ಬೆರಳು ಓಡುವುದು ಬಿಟ್ಟರೆ ಮೈಯಲ್ಲಿ ಬೇರೆ ಯಾವುದೂ ಅಲ್ಲಾಡುವುದಿಲ್ಲ. 59ಕ್ಕೆ ಗೋಡೆ ಹಿಡಿಯದೆ ನೆಲದಿಂದ ಏಳಲು ಆಗುತ್ತಿರಲಿಲ್ಲ.

ಅವರ ಸ್ವಸಹಾಯ ಸಂಘದ ಮೀಟಿಂಗ್ ಮುಗಿದ ಮೇಲೆ ಆಶಾ ಕಾರ್ಯಕರ್ತೆ ಹತ್ತು ನಿಮಿಷ ಒಂದು ಆಟದ ಹಾಗೆ ಶುರು ಮಾಡಿದರು. ಪ್ಲಾಸ್ಟಿಕ್ ಕುರ್ಚಿ, ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುವುದು ಅಂತ. ಅಮ್ಮ ಮೊದಲ ಸಲ 8. ಕುರ್ಚಿ ಅಂಗಳದಲ್ಲಿ ಜಾರುತ್ತಿತ್ತು ಅಂತ ಇನ್ನೊಬ್ಬರು ಹಿಂದಿನಿಂದ ಹಿಡಿದುಕೊಂಡಿದ್ದರು. ಆಮೇಲೆ ಮನೆಯಲ್ಲೂ ಶುರುವಾಯಿತು, ಬೀಡಿಯ ಒಂದೊಂದು ಕಟ್ಟು ಮುಗಿದಾಗ ಒಮ್ಮೆ ಎದ್ದು ಅಂಗಳಕ್ಕೆ ಒಂದು ಸುತ್ತು. ಎರಡು ತಿಂಗಳಿಗೆ 13 ಆಯಿತು. ಈಗ ಸಂಘದಲ್ಲಿ ಸಾಲದ ಕಂತಿಗಿಂತ ಇದರದ್ದೇ ಸ್ಪರ್ಧೆ ಜಾಸ್ತಿ. ಇದನ್ನು ಯಾವ ಬ್ಯಾಚ್ ಅಂತ ಕರೆಯುತ್ತೀರೋ ಗೊತ್ತಿಲ್ಲ.

ಫಿಸಿಯೋ, ಮಣಿಪಾಲ ಕಡೆ

ಬಂಟ್ವಾಳದವರೇ, ಅದು ನಾವು ಕ್ಲಿನಿಕ್ಕಿನಲ್ಲಿ ಮಾಡಿಸುವ ಪರೀಕ್ಷೆಯೇ! ಕಾಲಿನ ಬಲ ನೋಡಲು ಅದಕ್ಕಿಂತ ಸುಲಭದ್ದು ಇನ್ನೊಂದಿಲ್ಲ. ಮೂರನೇ ಮಾಳಿಗೆ ಅವರೇ, ನೀವೂ ಸೇರುವ ಮೊದಲು ಅದನ್ನು ಮಾಡಿ ಬರೆದಿಡಿ. ಜೊತೆಗೆ ನಿಮ್ಮದೇ ಮೆಟ್ಟಿಲು ಉಂಟಲ್ಲ, ಎಷ್ಟು ಸೆಕೆಂಡ್, ಎಷ್ಟು ಕಡೆ ನಿಂತಿರಿ, ಮೇಲೆ ಮುಟ್ಟಿದಾಗ ಎದೆಬಡಿತ ಎಷ್ಟು. ಎಂಟು ವಾರದ ನಂತರ ಅದನ್ನೇ ಪುನಃ ಮಾಡಿ.

ಮೂರನೇ ಮಾಳಿಗೆ (ಉಡುಪಿ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಿಮೋಗ್ಲೋಬಿನ್ 10.2 ಬಂತು, ಡಾಕ್ಟರ್ ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ, ವ್ಯಾಯಾಮ ಮಾಡಬಹುದು, ನಿಧಾನಕ್ಕೆ ಶುರು ಮಾಡಿ ಅಂದಿದ್ದಾರೆ.

ಎರಡು ಕ್ಲಾಸ್ ಹೋಗಿ ನೋಡಿದೆ. ಜುಂಬಾದಲ್ಲಿ ಇಪ್ಪತ್ತು ಜನ. ಎರಡನೇ ಹಾಡಿನ ಮಧ್ಯ ಪಕ್ಕದವರು ಯಾವ ಕಡೆಯವರು ಅಂತ ಕೇಳಿದರು. "ಕುಂಜಿ" ಅಂದೆ, ಉಸಿರು ಎಳೆದೆ, "ಬೆಟ್ಟು" ಅಂದೆ. ಫಿಸಿಯೋ ಹೇಳಿದ ಪರೀಕ್ಷೆ ಅಲ್ಲಿಯೇ ಆಯಿತು. ಸರ್ಕ್ಯೂಟಿನಲ್ಲಿ ಮೊದಲು ಒಂದು ಕಾಗದ ಕೊಟ್ಟು ಬಿಪಿ, ಮಂಡಿ, ಹೆರಿಗೆ ಎಲ್ಲ ಬರೆಸಿದರು. ಅದು ನೋಡಿಯೇ ಅರ್ಧ ಧೈರ್ಯ ಬಂತು. ಎಂಟು ಜಾಗ, 40 ಸೆಕೆಂಡ್ ಕೆಲಸ, 20 ಸೆಕೆಂಡ್ ವಿಶ್ರಾಂತಿ. ಒಂದು ಕಡೆ ಐದು ಲೀಟರ್ ನೀರಿನ ಕ್ಯಾನ್ ಹಿಡಿದುಕೊಂಡು ಆ ಗೋಡೆಯಿಂದ ಈ ಗೋಡೆಗೆ ನಡೆಯುವುದು ಅಷ್ಟೇ. ಅದನ್ನು ಹಿಡಿದಾಗ ಅಕ್ಕಿ ಚೀಲದ ನೆನಪಾಗಿ ನಗು ಬಂತು.

ಸರ್ಕ್ಯೂಟಿಗೆ ಸೇರಿದೆ. ಸೋಮವಾರ ಮತ್ತು ಗುರುವಾರ ಮಾತ್ರ ಬರುತ್ತೇನೆ ಅಂತ ಹೇಳಿ 1600ಕ್ಕೆ ಒಪ್ಪಿಸಿದೆ. ಶನಿವಾರ ಜುಂಬಾ, ದಿನದ ಲೆಕ್ಕದಲ್ಲಿ ದುಡ್ಡು. ಮಳೆ ಬಿಟ್ಟರೆ ಭಾನುವಾರ ಅಜ್ಜರಕಾಡು. ಮೆಟ್ಟಿಲು ಬರೆದಿಟ್ಟಿದ್ದೇನೆ: ಒಟ್ಟು 54, 1 ನಿಮಿಷ 32 ಸೆಕೆಂಡ್, ಒಂದು ಕಡೆ ನಿಂತದ್ದು, ಎದೆಬಡಿತ 151. ಕುರ್ಚಿ 11.

ಮೂರನೇ ಮಾಳಿಗೆ (ಉಡುಪಿ)

ಎಂಟು ವಾರ ಆಯಿತು, ಹೇಳಿ ಹೋಗುವಾ ಅಂತ ಬಂದೆ. ಮೊದಲ ಎರಡು ವಾರ ಕಮೋಡಿನಲ್ಲಿ ಕೂತು ಏಳುವಾಗಲೂ ತೊಡೆ ಚೀರುತ್ತಿತ್ತು. ಮೂರನೇ ವಾರ ಸಾಕು ಅನಿಸಿತ್ತು, ಬಿಡಲು ಆಗಲಿಲ್ಲ, ಯಾಕೆಂದರೆ ನಮ್ಮ ಬ್ಯಾಚಿನಲ್ಲಿ ಬಾರದವರಿಗೆ ವಾಟ್ಸಪ್ಪಿನಲ್ಲಿ ಖಾಲಿ ಕುರ್ಚಿಯ ಫೋಟೋ ಕಳಿಸುತ್ತಾರೆ. ಕೃಷ್ಣಾಷ್ಟಮಿ, ವಿಟ್ಲಪಿಂಡಿ ಹಬ್ಬದ ವಾರ ಪೂರ್ತಿ ತಪ್ಪಿತು. ಮನೆ ತುಂಬಾ ನೆಂಟರು, ಉಂಡೆ ಚಕ್ಕುಲಿ ಕೆಲಸ. ಅದರ ಮರುವಾರ ಹೋದಾಗ ಪುನಃ ಶುರುವಿನಿಂದ ಮಾಡಿದ ಹಾಗೆ ಆಯಿತು.

ಈಗ ಮೆಟ್ಟಿಲು 1 ನಿಮಿಷ 4 ಸೆಕೆಂಡ್, ಎಲ್ಲೂ ನಿಲ್ಲಲಿಲ್ಲ, ಎದೆಬಡಿತ 138. ಕುರ್ಚಿ 16. ಹಿಮೋಗ್ಲೋಬಿನ್ 11.6, ಹಾಗಾಗಿ ಎಷ್ಟು ಮಾತ್ರೆಯಿಂದ, ಎಷ್ಟು ಕ್ಲಾಸಿನಿಂದ ಅಂತ ನನಗೂ ಗೊತ್ತಿಲ್ಲ. ತೂಕ 70.4, ಅಂದರೆ ಅಲ್ಲಿಂದಲ್ಲಿಗೆ.

ಬಾಯಮ್ಮನ ಹತ್ತಿರ ನೀವು ಎಂತ ಮಾಡುತ್ತೀರಿ ಅಂತ ಕೊನೆಗೂ ಕೇಳಿದೆ. ಅವರಿಗೆ ಲಿಫ್ಟ್ ಅಂದರೆ ಹೆದರಿಕೆಯಂತೆ. ಹತ್ತು ವರ್ಷದ ಹಿಂದೆ ಒಮ್ಮೆ ಒಳಗೆ ಸಿಕ್ಕಿಹಾಕಿಕೊಂಡಿದ್ದರಂತೆ, ಆಮೇಲೆ ಹತ್ತಿಯೇ ಇಲ್ಲ. ಬೆಳಿಗ್ಗೆ ಹಾಲಿಗೆ, ಆಮೇಲೆ ಪೂಜೆಗೆ, ಮಧ್ಯಾಹ್ನ ಮೀನಿಗೆ, ಸಂಜೆ ಸುಮ್ನೆ. ದಿನಕ್ಕೆ ನಾಲ್ಕು ಸಲ ಮೂರು ಮಾಳಿಗೆ!

ಒಂದು ಸಹಾಯ ಬೇಕಿತ್ತು. ಶನಿವಾರದ ಜುಂಬಾ ಟೀಚರಿಗೆ ಮದುವೆ, ನವೆಂಬರಿನಿಂದ ಕ್ಲಾಸ್ ಇಲ್ಲವಂತೆ. ಕುಂಜಿಬೆಟ್ಟು, ಕಲ್ಸಂಕ ಕಡೆ ಹಾರುವುದು ಕಡಿಮೆ ಇರುವ ಬೇರೆ ಬ್ಯಾಚ್ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಸಂಜೆ ಆರರ ನಂತರ ಆಗಬೇಕು.